ಎರಿ ರಾಡಿ ಬಲ್ಲವರು ಹಿಮದ ಹಾದಿ ಹಿಡಿಯುವ ಮುನ್ನ

ಶ್ರಾವಣದ ಜಿಟಿಜಿಟಿ ಮಳೆ ನಾಲ್ಕು ದಿನ ಹಿಡಿದರೆ ಸಾಕು, ಬೈಲಹೊಂಗಲ, ಸವದತ್ತಿ ಕಡೆಯ ಎರಿ ಹೊಲಗಳ ಬಂಡಿ ದಾರಿಯಲ್ಲಿ ಟ್ರ್ಯಾಕ್ಟರೂ ತಿಣುಕುತ್ತದೆ. ಗಾಲಿಗೆ ಮೆತ್ತಿದ ಮಣ್ಣು ಮಡ್‌ಗಾರ್ಡಿನವರೆಗೆ ತುಂಬಿ, ಗಾಲಿ ತಿರುಗುವುದೇ ಕಷ್ಟವಾಗುತ್ತದೆ. ಇಂಥಲ್ಲಿ ಗಾಡಿ ಹೊಡೆದು ಕೈ ಪಳಗಿದವರು ಹಿಮಾಲಯದ ಹಿಮದ ದಾರಿಗೆ ಹೊರಟರೆ ಅರ್ಧ ವಿದ್ಯೆ ಅವರಿಗೆ ಬಂದೇ ಇರುತ್ತದೆ. ಉಳಿದರ್ಧ, ಅಂದರೆ ಥಂಡಿ, ಎತ್ತರ ಮತ್ತು ಮಂಜುಗಡ್ಡೆಯ ವಿದ್ಯೆ, ನಮ್ಮ ನೆಲ ಕಲಿಸುವಂಥದ್ದಲ್ಲ. ಜೀವಕ್ಕೆ ಎರವಾಗುವುದೂ ಆ ಅರ್ಧವೇ.

ಕೆಎ 24 ಫಲಕ ಹೊತ್ತ ಥಾರ್, ಹಳೆಯ ಜಿಪ್ಸಿ, ಬೊಲೆರೊ ಕ್ಯಾಂಪರ್, ವಿ-ಕ್ರಾಸ್ ಪಿಕಪ್ ಇಟ್ಟುಕೊಂಡವರು ಒಮ್ಮೆಯಾದರೂ ಲೇಹ್ ನೋಡಿ ಬರಬೇಕು ಎಂದು ಕನಸು ಕಾಣುವುದು ಸಹಜ. ದಾರಿಯೇನೋ ಮನೆ ಬಾಗಿಲಲ್ಲೇ ಇದೆ. ಕಿತ್ತೂರಿನ ಮಗ್ಗುಲಲ್ಲಿ ಹಾಯುವ ರಾಷ್ಟ್ರೀಯ ಹೆದ್ದಾರಿ 48 ಪುಣೆ, ಮುಂಬೈ, ಅಹಮದಾಬಾದ್, ಉದಯಪುರ, ಜೈಪುರದ ಮೇಲೆ ನೇರ ದಿಲ್ಲಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಮನಾಲಿ, ಶ್ರೀನಗರ ಅಥವಾ ಶಿಮ್ಲಾ, ಯಾವ ಬಾಗಿಲಿನಿಂದ ಬೇಕಾದರೂ ಒಳಗೆ ಹೋಗಬಹುದು. ಆದರೆ ಹೊರಡುವ ಉಮೇದಿನಲ್ಲಿ ಗ್ಯಾರೇಜಿಗೆ ಹೋಗಿ ಗಾಡಿ ಎತ್ತರಿಸಿ, ದಪ್ಪ ಟೈರು, ಕಬ್ಬಿಣದ ಬಂಪರು, ಸಾಲು ಲೈಟು ಹಾಕಿಸಿ ಲಕ್ಷಗಟ್ಟಲೆ ಸುರಿಯುವವರು ರೇಡಿಯೇಟರಿನಲ್ಲಿ ಬೋರಿನ ನೀರು ಇದೆ ಎಂಬುದನ್ನೇ ಮರೆತಿರುತ್ತಾರೆ. ಹಿಮದ ನಾಡಿಗೆ ಗಾಡಿ ತಯಾರು ಮಾಡುವುದೆಂದರೆ ಹೊರಗಿನ ಅಂದಕ್ಕಿಂತ ಒಳಗಿನ ದ್ರವಗಳನ್ನು ಬದಲಿಸುವ ಕೆಲಸ. ಅದಕ್ಕೆ ಆಗುವ ಖರ್ಚೂ ಕಡಿಮೆ.

ರಾಡಿಯ ರೂಢಿ ಹಿಮಕ್ಕೆ ನಡೆಯದು

ರಾಡಿಯಲ್ಲಿ ಗಾಲಿ ಜಾರತೊಡಗಿದರೆ ನಮ್ಮ ಚಾಲಕರು ಎಕ್ಸಲೇಟರ್ ಒತ್ತಿ ಗಾಲಿಯನ್ನು ಗರಗರ ತಿರುಗಿಸುತ್ತಾರೆ. ಟೈರಿನ ಹಲ್ಲುಗಳ ಸಂದಿಯಲ್ಲಿ ತುಂಬಿದ ಮಣ್ಣು ಸಿಡಿದು ಹೋಗುತ್ತದೆ, ಖಾಲಿಯಾದ ಹಲ್ಲು ಕೆಳಗಿನ ಗಟ್ಟಿ ಪದರವನ್ನು ಕಚ್ಚುತ್ತದೆ, ಗಾಡಿ ಮೇಲೆದ್ದು ಬರುತ್ತದೆ. ಎರಿ ಮಣ್ಣಿನಲ್ಲಿ ಇದು ಒಮ್ಮೊಮ್ಮೆ ಸರಿಯಾದ ಉಪಾಯವೇ. ಹಿಮದಲ್ಲಿ ಇದೇ ಉಪಾಯ ಗಾಡಿಯನ್ನು ಹೂಳುತ್ತದೆ. ತಿರುಗುವ ಗಾಲಿಯ ಉಜ್ಜುವಿಕೆಗೆ ಹಿಮ ಕರಗುತ್ತದೆ, ಕರಗಿದ ನೀರು ಅಲ್ಲೇ ಹೆಪ್ಪುಗಟ್ಟುತ್ತದೆ, ಗಾಲಿಯ ಕೆಳಗೆ ನುಣ್ಣನೆಯ ಮಂಜುಗಡ್ಡೆಯ ಗುಂಡಿಯಾಗುತ್ತದೆ. ಮತ್ತೆ ಒತ್ತಿದಷ್ಟೂ ಗುಂಡಿ ಆಳ. ಆದ್ದರಿಂದ ಹಿಮದಲ್ಲಿ ಗಾಲಿ ಜಾರಿದ್ದು ಗೊತ್ತಾದ ಕೂಡಲೇ ಕಾಲು ತೆಗೆಯಬೇಕು. ಮೊದಲ ಗಿಯರಿನ ಬದಲು ಎರಡನೆಯ ಗಿಯರಿನಲ್ಲಿ, ಕ್ಲಚ್ ನಿಧಾನ ಬಿಡುತ್ತ, ಡೀಸೆಲ್ ಗಾಡಿಯಾದರೆ ಎಕ್ಸಲೇಟರ್ ಮುಟ್ಟದೆಯೇ ಗಾಡಿ ಎಬ್ಬಿಸುವುದು ಒಳ್ಳೆಯದು.

ಇನ್ನೊಂದು ರೂಢಿ ಓಟ. ರಾಡಿಯ ತಗ್ಗು ಕಂಡರೆ ದೂರದಿಂದಲೇ ಜೋರು ಹಿಡಿದು, ನಿಲ್ಲಿಸದೆ ದಾಟಿಬಿಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಬಯಲಿನ ಹಿಮಕ್ಕೂ ಅದೇ ಲೆಕ್ಕ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಆದರೆ ಎರಿ ಹೊಲದಲ್ಲಿ ಗಾಡಿ ಅಡ್ಡ ಜಾರಿದರೆ ಬದುವಿಗೆ ತಾಗಿ ನಿಲ್ಲುತ್ತದೆ. ಘಾಟಿನಲ್ಲಿ ಒಂದು ಬದಿ ಗೋಡೆ, ಇನ್ನೊಂದು ಬದಿ ಸಾವಿರ ಅಡಿ ಪ್ರಪಾತ. ಅಲ್ಲಿ ಓಟದ ಆಸೆ ಬಿಡಬೇಕು.

ಮುಖ್ಯವಾದ ಮಾತು ಬ್ರೇಕಿನದು. ಫೋರ್ ವೀಲ್ ಡ್ರೈವ್ ಗಾಡಿ ಹೊರಡಲು, ಏರಲು ನೆರವಾಗುತ್ತದೆ. ನಿಲ್ಲಲು ಇಷ್ಟೂ ನೆರವಾಗುವುದಿಲ್ಲ. ಬ್ರೇಕು ಎಲ್ಲ ಗಾಡಿಗೂ ನಾಲ್ಕೇ ಗಾಲಿಗೆ, ಹಿಡಿತ ಇರುವುದು ಟೈರು ನೆಲ ಮುಟ್ಟುವ ಅಂಗೈಯಗಲದ ಜಾಗದಲ್ಲಿ. ಮಂಜುಗಡ್ಡೆಯ ಮೇಲೆ ಗಾಡಿ ನಿಲ್ಲಲು ಒಣ ಡಾಂಬರಿಗಿಂತ ಹತ್ತು ಪಟ್ಟು ದೂರ ಬೇಕಾಗಬಹುದು. ಹಾಗಾಗಿ ಇಳಿಜಾರಿನಲ್ಲಿ ವೇಗ ತಗ್ಗಿಸುವ ಕೆಲಸವನ್ನು ಎಂಜಿನ್ನಿಗೇ ಬಿಡಬೇಕು. ಫೋರ್ ಲೋ ಹಾಕಿ, ಮೊದಲ ಅಥವಾ ಎರಡನೆಯ ಗಿಯರಿನಲ್ಲಿ, ಕ್ಲಚ್ ತುಳಿಯದೆ, ಬ್ರೇಕಿನ ಮೇಲೆ ಕಾಲಿಡದೆ ಇಳಿಸಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಘಾಟು ಇಳಿಸುವ ಚಾಳಿ ಇದ್ದವರು ಅದನ್ನು ಊರಲ್ಲೇ ಬಿಟ್ಟು ಹೊರಡಲಿ. ಎಬಿಎಸ್ ಇರುವ ಗಾಡಿಯಲ್ಲಿ ಪೆಡಲ್ ಕಾಲಿಗೆ ನಡುಗಿದರೆ ಹೆದರಿ ಬಿಡಬೇಡಿ, ಅದು ಅದರ ಕೆಲಸ. ಎಬಿಎಸ್ ಇಲ್ಲದ ಹಳೆಯ ಗಾಡಿಯಲ್ಲಿ ಮಾತ್ರ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಹಿಡಿಯಬೇಕು.

ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆ ಹೆಚ್ಚು ಅಪಾಯದ್ದು. ಹಗಲಲ್ಲಿ ಕರಗಿ ರಸ್ತೆಗೆ ಹರಿದ ನೀರು ಸಂಜೆಗೆ ತೆಳ್ಳಗೆ ಹೆಪ್ಪುಗಟ್ಟುತ್ತದೆ. ಪಾರದರ್ಶಕವಾದ್ದರಿಂದ ಕೆಳಗಿನ ಡಾಂಬರು ಹಾಗೆಯೇ ಕಂಡು, ರಸ್ತೆ ಬರೀ ಒದ್ದೆಯಾಗಿದೆ ಅನ್ನಿಸುತ್ತದೆ. ಚಾಲಕರು ಇದನ್ನು ಬ್ಲ್ಯಾಕ್ ಐಸ್ ಎನ್ನುತ್ತಾರೆ. ಬಿಸಿಲು ಬೀಳದ ಉತ್ತರ ಮಗ್ಗುಲಿನ ತಿರುವು, ಸೇತುವೆಯ ಮೇಲ್ಭಾಗ, ಹಳ್ಳ ರಸ್ತೆ ದಾಟುವ ಜಾಗ, ಇವು ಅದರ ಠಾವು. ಎದುರಿನ ಗಾಡಿಯ ಗಾಲಿಯಿಂದ ನೀರು ಸಿಡಿಯದೆ ರಸ್ತೆ ಮಾತ್ರ ಹೊಳೆಯುತ್ತಿದ್ದರೆ ಅದು ನೀರಲ್ಲ, ಮಂಜುಗಡ್ಡೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಟು ಸಂಜೆ ನಾಲ್ಕರೊಳಗೆ ಠಿಕಾಣಿ ಸೇರಿಬಿಡುವುದು ಈ ದಾರಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಸುರಕ್ಷೆ.

ಹಿಮ ಮುಗಿದು ಒಣ ಡಾಂಬರು ಬಂತೆಂದರೆ ಮರೆಯದೆ ಟೂ ವೀಲ್‌ಗೆ ಬನ್ನಿ. ಥಾರ್, ಜಿಪ್ಸಿ, ಜಿಮ್ನಿ, ಕ್ಯಾಂಪರ್ ಇವೆಲ್ಲ ಬೇಕಾದಾಗ ಮಾತ್ರ ನಾಲ್ಕು ಗಾಲಿಗೆ ಹಾಕಿಕೊಳ್ಳುವ ಬಗೆಯವು. ಗಟ್ಟಿ ರಸ್ತೆಯ ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಉರುಳಬೇಕು. ಜೋಡಿಸಿಟ್ಟ ಗಿಯರು ಅದಕ್ಕೆ ಬಿಡುವುದಿಲ್ಲ, ಬಿಗಿತವೆಲ್ಲ ಟ್ರಾನ್ಸ್‌ಫರ್ ಕೇಸಿಗೆ ಬೀಳುತ್ತದೆ.

ಟೈರು, ಚೈನು, ಹವಾ

ನಮ್ಮ ಕಡೆ ಎಲ್ಲರೂ ಮೆಚ್ಚುವ ದೊಡ್ಡ ಹಲ್ಲಿನ ಮಡ್ ಟೈರು ರಾಡಿಗೆ ಸರಿ, ಆಳದ ಮೆದು ಹಿಮಕ್ಕೂ ನಡೆದೀತು. ಮಂಜುಗಡ್ಡೆಯ ಮೇಲೆ ಮಾತ್ರ ಅದು ಮೋಸ ಮಾಡುತ್ತದೆ. ಗಟ್ಟಿ ರಬ್ಬರಿನ ದೊಡ್ಡ ಹಲ್ಲುಗಳು ಮಂಜುಗಡ್ಡೆಯನ್ನು ಕಚ್ಚುವುದಿಲ್ಲ. ಅದಕ್ಕೆ ಬೇಕಾದದ್ದು ಥಂಡಿಯಲ್ಲೂ ಮೆದುವಾಗಿ ಉಳಿಯುವ ರಬ್ಬರು ಮತ್ತು ಹಲ್ಲುಗಳ ಮೇಲೆ ಬ್ಲೇಡಿನಿಂದ ಗೀರಿದಂತೆ ಇರುವ ಸಣ್ಣ ಸೀಳುಗಳು. ಸಾಮಾನ್ಯ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಿಂದ ಕೆಳಗೆ ಬಿರುಸಾಗತೊಡಗುತ್ತದೆ. ಟೈರಿನ ಬದಿಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇದ್ದರೆ ಅದು ಹಿಮದ ಪರೀಕ್ಷೆಯಲ್ಲಿ ಗೆದ್ದ ಟೈರು ಎಂದರ್ಥ. ಬರೀ 'ಎಂ ಪ್ಲಸ್ ಎಸ್' ಎಂದಿದ್ದರೆ ಅಷ್ಟು ಭರವಸೆ ಸಾಲದು. ಈ ಗುರುತಿರುವ ಆಲ್ ಟೆರೇನ್ ಟೈರು ಸಿಕ್ಕರೆ ಊರಿನ ರಸ್ತೆಗೂ ಆದೀತು, ಅಲ್ಲಿಗೂ ಆದೀತು.

ಯಾವ ಟೈರಿದ್ದರೂ ಚೈನು ಜೊತೆಗಿರಲೇಬೇಕು. ಟೈರಿನ ಅಳತೆಗೆ ಸರಿಯಾದದ್ದನ್ನೇ ಕೊಳ್ಳಬೇಕು. 215/75 ಆರ್ 15ಕ್ಕೆ ತಂದದ್ದು 255/65 ಆರ್ 18ಕ್ಕೆ ಕೂರುವುದಿಲ್ಲ. ನಾಲ್ಕೂ ಗಾಲಿಗೆ ಹಾಕಿದರೆ ಉತ್ತಮ. ಒಂದೇ ಜೊತೆ ಇದ್ದರೆ ಮುಂದಕ್ಕೋ ಹಿಂದಕ್ಕೋ ಎಂಬುದನ್ನು ಗಾಡಿಯ ಕೈಪಿಡಿ ನೋಡಿ ತೀರ್ಮಾನಿಸಿ. ಚೈನು ಹಾಕಿ ಸ್ವಲ್ಪ ದೂರ ಉರುಳಿದ ಮೇಲೆ ಇಳಿದು ಮತ್ತೆ ಬಿಗಿ ಮಾಡಬೇಕು. ಸಡಿಲ ಚೈನು ಬಿಚ್ಚಿಕೊಂಡು ಬ್ರೇಕಿನ ಪೈಪು ಹರಿಯಬಲ್ಲದು. ವೇಗ 30 ಕಿಲೋಮೀಟರ್ ಮೀರದಿರಲಿ. ಡಾಂಬರು ಕಂಡರೆ ಬಿಚ್ಚಿಡಿ. ಇದನ್ನೆಲ್ಲ ಮನೆಯ ಅಂಗಳದಲ್ಲಿ, ದಪ್ಪ ಕೈಗವಸು ಹಾಕಿಕೊಂಡೇ ಕಲಿಯಬೇಕು. ಬರಿಗೈಯಲ್ಲಿ ಕಲಿತ ಕೆಲಸ ಮೈನಸ್ 10ರಲ್ಲಿ ಕೈಗವಸಿನೊಳಗೆ ಸಾಗುವುದಿಲ್ಲ, ಕೈಗವಸು ತೆಗೆದರೆ ಕಬ್ಬಿಣಕ್ಕೆ ಚರ್ಮ ಅಂಟಿಕೊಳ್ಳುತ್ತದೆ.

ಹವಾದ ಲೆಕ್ಕ ಸ್ವಲ್ಪ ಕುತೂಹಲದ್ದು. ಸವದತ್ತಿಯಲ್ಲಿ 30 ಡಿಗ್ರಿ ಸೆಕೆಯಲ್ಲಿ 32 ಪಿಎಸ್‌ಐ ತುಂಬಿಸಿದ ಟೈರು ಮೈನಸ್ 10ರ ಬೆಳಿಗ್ಗೆ ಬರೀ ಥಂಡಿಗೇ ಸುಮಾರು 6 ಪಿಎಸ್‌ಐ ಕಳೆದುಕೊಳ್ಳುತ್ತದೆ. ಅದೇ ಟೈರನ್ನು ಲೇಹ್ ಎತ್ತರಕ್ಕೆ ಒಯ್ದರೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಮೀಟರು ಸುಮಾರು 4 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಊರಲ್ಲಿ ತುಂಬಿಸಿದ್ದನ್ನು ನಂಬದೆ, ಅಲ್ಲಿಯ ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ ಅಳೆಯಿರಿ. ಆಳದ ಹಿಮದಲ್ಲಿ ಸಿಕ್ಕಿಬಿದ್ದರೆ 18 ಪಿಎಸ್‌ಐವರೆಗೆ ಇಳಿಸಿದಾಗ ಟೈರು ಅಗಲವಾಗಿ ಕೂತು ಭಾರ ಹಂಚಿಕೊಳ್ಳುತ್ತದೆ. ಐಸ್‌ಲ್ಯಾಂಡಿನವರು ಇದನ್ನೇ ಒಂದು ಶಾಸ್ತ್ರ ಮಾಡಿದ್ದಾರೆ. ಅಲ್ಲಿಯ ನಡುನಾಡಿನ ಹಿಮಬಯಲಿಗೆ 38 ಇಂಚು, 44 ಇಂಚಿನ ಟೈರು ಕೂರಿಸಿ, ಹವಾವನ್ನು ಒಂದಂಕಿಗೆ ಇಳಿಸಿ, ಹಿಮದ ಮೇಲೆ ತೇಲಿದಂತೆ ಹೋಗುತ್ತಾರೆ. ಆದರೆ ಅವರದು ರಸ್ತೆಯೇ ಇಲ್ಲದ ಬಯಲು. ನಮ್ಮ ಹಿಮಾಲಯದ್ದು ಒಂದೇ ಗಾಡಿಯಗಲದ ಘಾಟು. ಅವರ ಗಾಡಿಯ ಫೋಟೊ ನೋಡಿ ಅಂಥದೇ ಟೈರು ಹುಡುಕಬೇಕಿಲ್ಲ. ಹವಾ ಇಳಿಸಿದ ಮೇಲೆ ಮತ್ತೆ ತುಂಬಲು 12 ವೋಲ್ಟಿನ ಕಂಪ್ರೆಸರ್ ಗಾಡಿಯಲ್ಲಿರಲಿ.

ಏನು ಬದಲಿಸಬೇಕು, ಏನು ಬದಲಿಸಬಾರದು

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಆಗಬಹುದು ಎಂದಿದೆ. ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟಿಸುವುದಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ತಡೆ ಹೇಳಿದೆ. ದಂಡಕ್ಕಿಂತ ದೊಡ್ಡ ಪೆಟ್ಟು ವಿಮೆಯದು: ಅಪಘಾತವಾದಾಗ ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ಕಂಡರೆ ಕ್ಲೇಮು ನಿಲ್ಲಬಹುದು.

ಗಾಡಿಯನ್ನು ಎತ್ತರಿಸುವುದು ಘಾಟಿಗೆ ಕೆಟ್ಟದ್ದೇ ಸರಿ. ಭಾರದ ಕೇಂದ್ರ ಮೇಲೇರಿ, ಅಡ್ಡ ಇಳಿಜಾರಿನಲ್ಲಿ ಪಲ್ಟಿ ಬೀಳುವ ಅಪಾಯ ಹೆಚ್ಚುತ್ತದೆ. ಮೇಲಿನ ಕ್ಯಾರಿಯರಿಗೆ ಡೀಸೆಲ್ ಕ್ಯಾನು, ಸ್ಟೆಪ್ನಿ ಏರಿಸುವುದೂ ಅದೇ ತಪ್ಪು. ಭಾರವೆಲ್ಲ ಕೆಳಗೆ, ನಡುವಿಗೆ ಇರಲಿ.

ಹಾಕಿಸಲೇಬೇಕಾದವು ಕಡಿಮೆ. ಎಂಜಿನ್ ಕೆಳಗೆ ರಕ್ಷಣೆಯ ತಗಡು, ಮುಂದೆ, ಹಿಂದೆ ಚಾಸಿಗೇ ಬೋಲ್ಟ್ ಮಾಡಿದ ಗಟ್ಟಿ ಎಳೆಯುವ ಕೊಂಡಿ, ಒಳ್ಳೆಯ ಬ್ಯಾಟರಿ, ಮಂಜಿನಲ್ಲಿ ಕೆಳಗೆ ಬೀಳುವ ಹಳದಿ ಫಾಗ್ ಲೈಟು. ಹಿಂದೆ ತೆರೆದ ಟ್ರಾಲಿ ಇರುವ ಪಿಕಪ್ಪಿನವರು ಒಂದು ಮಾತು ನೆನಪಿಡಬೇಕು: ಟ್ರಾಲಿ ಖಾಲಿಯಿದ್ದರೆ ಹಿಂದಿನ ಗಾಲಿಯ ಮೇಲೆ ಭಾರವೇ ಇರುವುದಿಲ್ಲ, ತಿರುವಿನಲ್ಲಿ ಹಿಂಭಾಗ ಬಾಲ ಬೀಸಿದಂತೆ ಹೊರಗೆ ಜಾರುತ್ತದೆ. ಹಿಂದಿನ ಆ್ಯಕ್ಸಲ್ ಮೇಲೆ ಬರುವಂತೆ ಮೂರು ನಾಲ್ಕು ಮರಳಿನ ಚೀಲ ಬಿಗಿದು ಕಟ್ಟಿ. ಭಾರಕ್ಕೂ ಆಯಿತು, ಸಿಕ್ಕಿಬಿದ್ದಾಗ ಗಾಲಿ ಕೆಳಗೆ ಚೆಲ್ಲಲಿಕ್ಕೂ ಆಯಿತು.

ಥಂಡಿಯ ಕೆಲಸ

ನಮ್ಮ ಊರುಗಳಲ್ಲಿ ರೇಡಿಯೇಟರ್ ಬರಿದಾದರೆ ಹತ್ತಿರದ ನಳದ ನೀರು ಹಾಕಿ ಮುಂದೆ ಹೋಗುತ್ತೇವೆ. ಬೇಸಿಗೆಯ ನಾಡಿನಲ್ಲಿ ಅದರಿಂದ ಆಗುವ ಹಾನಿ ನಿಧಾನದ್ದು. ಹಿಮಾಚಲದ ಸ್ಪಿತಿ ಸೀಮೆಯ ಕಾಝಾದಲ್ಲಿ ಜನವರಿಯ ರಾತ್ರಿ ಮೈನಸ್ 20ರ ಆಸುಪಾಸಿಗೆ ಇಳಿಯುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಆ ಹಿಗ್ಗಿಗೆ ರೇಡಿಯೇಟರ್ ಅಷ್ಟೇ ಅಲ್ಲ, ಎಂಜಿನ್ನಿನ ಬ್ಲಾಕೇ ಬಿರುಕು ಬಿಡಬಹುದು. ಒಂದು ರಾತ್ರಿಯಲ್ಲಿ ಎಂಜಿನ್ ಕೈಬಿಟ್ಟು ಹೋಗುತ್ತದೆ. ಹೊರಡುವ ಮುನ್ನ ಹಳೆಯ ನೀರನ್ನು ಪೂರ್ತಿ ಇಳಿಸಿ, ತೊಳೆದು, ಎಥಿಲೀನ್ ಗ್ಲೈಕಾಲ್ ಕೂಲಂಟು ಮತ್ತು ಡಿಸ್ಟಿಲ್ಡ್ ವಾಟರನ್ನು ಸಮಸಮ ಬೆರೆಸಿ ತುಂಬಿಸಿ. ಈ ಮಿಶ್ರಣ ಮೈನಸ್ 35ರ ಸುಮಾರಿಗೆ ಮಾತ್ರ ಗಟ್ಟಿಯಾಗುತ್ತದೆ. ದಾರಿಯಲ್ಲಿ ಕಡಿಮೆಯಾದರೂ ನೀರು ಬೆರೆಸಬೇಡಿ, ಅದೇ ಮಿಶ್ರಣದ ಕ್ಯಾನು ಜೊತೆಗಿರಲಿ. ಗಾಜು ತೊಳೆಯುವ ವೈಪರಿನ ನೀರಿಗೂ ಹೆಪ್ಪುಗಟ್ಟದ ದ್ರವವೇ ಬೇಕು.

ಎಂಜಿನ್ ಆಯಿಲ್ ಡಬ್ಬದ ಮೇಲಿನ ಡಬ್ಲ್ಯೂ ಅಕ್ಷರ ಚಳಿಗಾಲದ್ದು. ಅದರ ಮುಂದಿನ ಅಂಕಿ ಚಿಕ್ಕದಾದಷ್ಟೂ ಥಂಡಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. ನಮ್ಮ ಕಡೆ ಡೀಸೆಲ್ ಗಾಡಿಗೆ ಸಾಮಾನ್ಯವಾಗಿ ಹಾಕುವ 15ಡಬ್ಲ್ಯೂ-40 ಮೈನಸ್ 20ರ ಕೆಳಗೆ ಅಂಬಲಿಯಷ್ಟು ದಪ್ಪಗಾಗಿ ಸ್ಟಾರ್ಟರನ್ನು ತಡೆಯುತ್ತದೆ. 5ಡಬ್ಲ್ಯೂ ದರ್ಜೆಯದು ಮೈನಸ್ 30ರಲ್ಲೂ ಎಂಜಿನ್ ತಿರುಗಗೊಡುವ ಪರೀಕ್ಷೆಗೆ ಒಳಪಟ್ಟದ್ದು. ನಿಮ್ಮ ಗಾಡಿಗೆ ತಯಾರಕರು ಅದನ್ನು ಒಪ್ಪಿದ್ದಾರೆಯೇ ನೋಡಿ, ಒಪ್ಪಿದ್ದರೆ ಹೊರಡುವ ಮುಂಚೆ ಬದಲಿಸಿಬಿಡಿ.

ಡೀಸೆಲ್ಲಿನಲ್ಲಿ ಮೇಣದ ಅಂಶವಿದೆ. ಥಂಡಿಗೆ ಅದು ಹರಳುಗಟ್ಟಿ ಫಿಲ್ಟರಿನಲ್ಲಿ ಸಿಕ್ಕಿಕೊಂಡು ಎಂಜಿನ್ನಿಗೆ ಇಂಧನವೇ ಹೋಗದಂತೆ ಮಾಡುತ್ತದೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ಲಿನಿಂದಲೇ ಚಳಿಗಾಲದ ಎತ್ತರಕ್ಕೆ ಏರಬೇಡಿ; ಮೇಲೆ ಹೋದಂತೆ ಅಲ್ಲಲ್ಲಿಯ ಪಂಪಿನಲ್ಲಿ ಕೇಳಿ ಚಳಿಗಾಲದ್ದನ್ನು ಬೆರೆಸುತ್ತ ಹೋಗಿ, ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಹಳೆಯ ಲಾರಿಯವರು ಚಿಮಣಿ ಎಣ್ಣೆ ಬೆರೆಸುತ್ತಿದ್ದರು, ಟ್ಯಾಂಕಿನ ಕೆಳಗೆ ಬೆಂಕಿ ಹಾಕಿ ಕಾಸುತ್ತಿದ್ದರು. ಮೊದಲನೆಯದು ಇಂದಿನ ಕಾಮನ್ ರೈಲ್ ಪಂಪನ್ನು ಹಾಳುಮಾಡುತ್ತದೆ, ಎರಡನೆಯದು ಗಾಡಿಯನ್ನೇ ಸುಡಬಹುದು. ಕೆಲವು ಬಿಎಸ್ 6 ಡೀಸೆಲ್ ಗಾಡಿಗಳಿಗೆ ಹಾಕುವ ಯೂರಿಯಾ ದ್ರಾವಣ ಮೈನಸ್ 11ಕ್ಕೆ ಗಟ್ಟಿಯಾಗುತ್ತದೆ. ಅದನ್ನು ಕರಗಿಸುವ ವ್ಯವಸ್ಥೆ ಗಾಡಿಯಲ್ಲೇ ಇರುತ್ತದೆ. ಹಿಗ್ಗಲು ಜಾಗವಿರುವಂತೆ ಅಂಚಿನವರೆಗೆ ತುಂಬಿಸದಿದ್ದರೆ ಸಾಕು. ಅದಕ್ಕೆ ಬೇರೆ ಏನನ್ನೂ ಬೆರೆಸಬಾರದು.

ಮೈನಸ್ 18ರಲ್ಲಿ ಬ್ಯಾಟರಿಯ ಕಸುವು ಅರ್ಧಕ್ಕೆ ಬರುತ್ತದೆ, ಆದರೆ ಎಂಜಿನ್ ತಿರುಗಿಸಲು ಬೇಕಾದ ಕಸುವು ಹೆಚ್ಚಾಗಿರುತ್ತದೆ. ಮೂರು ವರ್ಷ ದಾಟಿದ ಬ್ಯಾಟರಿಯನ್ನು ನಂಬಬೇಡಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗಿಯರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ. ಒದ್ದೆ ಬ್ರೇಕು ಹಾಗೇ ಹೆಪ್ಪುಗಟ್ಟಿ ಬೆಳಿಗ್ಗೆ ಬಿಡುವುದಿಲ್ಲ. ವೈಪರ್ ಎತ್ತಿ ನಿಲ್ಲಿಸಿ. ಹೆಪ್ಪುಗಟ್ಟಿದ ಗಾಜಿಗೆ ಬಿಸಿನೀರು ಸುರಿಯಬೇಡಿ, ಸೀಳುತ್ತದೆ.

ಎತ್ತರ, ಋತು, ದಾರಿ

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. 5,000 ಮೀಟರ್ ದಾಟಿದ ತಂಗ್ಲಾಂಗ್ ಲಾದಂಥ ಕಣಿವೆಮುಖದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಟರ್ಬೊ ಇಲ್ಲದ ಜಿಪ್ಸಿ, ಜಿಮ್ನಿಯಂಥ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಇದು ರಿಪೇರಿಯ ದೋಷವಲ್ಲ, ಗಾಳಿಯ ಬಡತನ. ಗಿಯರು ಇಳಿಸಿ, ಸಾವಕಾಶ ಏರಿಸಿ.

ಮನುಷ್ಯನಿಗೂ ಅದೇ ಬಡತನ ತಟ್ಟುತ್ತದೆ. ತಲೆನೋವು, ವಾಕರಿಕೆ, ನಿದ್ದೆಗೇಡು ಆರಂಭದ ಸೂಚನೆ. ನಡಿಗೆ ತೂರಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಆ ಕ್ಷಣವೇ ಕೆಳಗಿಳಿಯಬೇಕು. ಬೇರೆ ಔಷಧಕ್ಕೆ ಕಾಯುವಂತಿಲ್ಲ. 3,000 ಮೀಟರ್ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎನ್ನುವುದು ವೈದ್ಯರ ಸೂತ್ರ. ಮನಾಲಿ ದಾರಿಯಲ್ಲಿ ಸರ್ಚುವಿನಲ್ಲಿ ತಂಗಿದರೆ 4,200 ಮೀಟರ್ ಮೀರುತ್ತದೆ. ಅದಕ್ಕೂ ಮುಂಚೆ ಜಿಸ್ಪಾದಲ್ಲಿ ನಿಲ್ಲುವುದು ಒಳಿತು. ಶ್ರೀನಗರದ ದಾರಿ ಹಂತಹಂತವಾಗಿ ಏರುವುದರಿಂದ ಮೊದಲ ಸಲ ಹೋಗುವವರಿಗೆ, ಮನೆಯ ಹಿರಿಯರು ಜೊತೆಗಿದ್ದವರಿಗೆ ಅದೇ ಮೇಲು.

ಆ ದಾರಿಯ ಜೋಜಿ ಲಾ ಕಣಿವೆಯಲ್ಲಿ ಕನ್ನಡ ನಾಡಿನ ಒಂದು ಸಾಹಸದ ನೆನಪಿದೆ. 1948ರ ನವೆಂಬರ್ 1ರಂದು, ಕಾಶ್ಮೀರದ ಯುದ್ಧದ ಹೊತ್ತಿನಲ್ಲಿ, ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರ ಯೋಜನೆಯಂತೆ, 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು 3,500 ಮೀಟರ್ ಎತ್ತರದ ಈ ಕಣಿವೆಗೆ ಹಿಮದ ನಡುವೆ ಏರಿದವು. ಇಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಎದುರಾಳಿ ಎಣಿಸಿರಲಿಲ್ಲ. ಕತ್ತೆ ದಾರಿಯಂತಿದ್ದ ಜಾಡನ್ನು ಟ್ಯಾಂಕು ಹತ್ತುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಇಂದಿಗೂ ಅವರ ಕೇಂದ್ರ ಬೆಂಗಳೂರಿನಲ್ಲೇ ಇದೆ. ಗಾಡಿ ಏರಿಸುವ ಮುನ್ನ ದಾರಿ ತಯಾರು ಮಾಡಿದ ಆ ತಾಳ್ಮೆಯೇ ಗೆಲುವಿನ ಬಹುಪಾಲು ಎಂದು ನನಗೆ ಅನ್ನಿಸುತ್ತದೆ.

ಮೊದಲ ಸಲಕ್ಕೆ ನಡು ಚಳಿಗಾಲ ಬೇಡ. ಮೇ ಕೊನೆ, ಜೂನ್ ಮೊದಲ ವಾರಗಳಲ್ಲಿ ಗಡಿ ರಸ್ತೆ ಸಂಸ್ಥೆ (ಬಿಆರ್‌ಒ) ರಸ್ತೆ ತೆರೆದಿರುತ್ತದೆ, ಮನಾಲಿ ದಾರಿಯ ಬಾರಾಲಾಚಾದಂಥ ಕಡೆ ಎರಡೂ ಬದಿ ಆಳೆತ್ತರ ಹಿಮದ ಗೋಡೆ ಇರುತ್ತದೆ. ಕಲಿಯಲಿಕ್ಕೆ ಅಷ್ಟು ಹಿಮ ಸಾಕು. 2020ರಲ್ಲಿ ತೆರೆದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದ ರೋಹ್ತಾಂಗ್ ಕಣಿವೆಮುಖದ ಕಾಟವಂತೂ ತಪ್ಪಿದೆ. ಅಲ್ಲಿ ಕೈ ಕುದುರಿದ ಮೇಲೆ, ಇನ್ನೊಂದು ವರ್ಷ ಶಿಮ್ಲಾ, ಕಿನ್ನೌರ್ ಮೇಲೆ ಸ್ಪಿತಿಯ ಚಳಿಗಾಲಕ್ಕೆ ಹೋಗಬಹುದು. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ಊರಿಗೆ ಸುದ್ದಿ ಮುಟ್ಟಿಸಬೇಕಾದರೆ ಒಂದಾದರೂ ಪೋಸ್ಟ್‌ಪೇಯ್ಡ್ ನಂಬರ್ ಇರಲಿ. ಮನಾಲಿ-ಲೇಹ್ ದಾರಿಯಲ್ಲಿ ಸಿಗುವ ಲಾಹೌಲಿನ ತಾಂಡಿಯಲ್ಲಿ, ಮುಂದಿನ ಪಂಪು 365 ಕಿಲೋಮೀಟರ್ ಎಂದು ಬಹಳ ವರ್ಷ ಫಲಕವೇ ನಿಂತಿತ್ತು. ಆ ದೂರಕ್ಕೆ ಲೆಕ್ಕ ಹಾಕಿ ಲೋಹದ ಕ್ಯಾನಿನಲ್ಲಿ ಇಂಧನ ಒಯ್ಯಿರಿ.

ಹಳ್ಳ ದಾಟುವ ಹೊತ್ತಿನ ಬಗ್ಗೆಯೂ ಎಚ್ಚರವಿರಲಿ. ನಮ್ಮ ಬೆಣ್ಣಿಹಳ್ಳ ಎಲ್ಲೋ ಮೇಲೆ ಮಳೆಯಾದರೆ ಉಕ್ಕುತ್ತದೆ. ಅಲ್ಲಿಯ ಹಳ್ಳಗಳು ಬಿಸಿಲಿಗೇ ಉಕ್ಕುತ್ತವೆ. ಬೆಳಿಗ್ಗೆ ಮೊಣಕಾಲಿಗೆ ಬರದ ನೀರು ಮಧ್ಯಾಹ್ನದ ಹೊತ್ತಿಗೆ ಹಿಮ ಕರಗಿ ಗಾಡಿಯನ್ನು ತಳ್ಳುವಷ್ಟಾಗುತ್ತದೆ. ಆದಷ್ಟು ಮಧ್ಯಾಹ್ನಕ್ಕೆ ಮುಂಚೆ ದಾಟಿ, ನೀರು ಕಲಕಿ ಕೆಂಪಾಗಿದ್ದರೆ ಇಳಿಯಬೇಡಿ.

ಬೆಟ್ಟದ ಮೈಯಲ್ಲಿ ಮರಗಿಡವಿಲ್ಲದೆ ನೇರ ಕೆಳಗಿಳಿದ ಬೋಳು ಪಟ್ಟಿಗಳು ಹಿಮಪಾತ ಉರುಳುವ ಜಾಡು. ಅವುಗಳ ಕೆಳಗೆ ಫೋಟೊಗಾಗಲಿ, ಚಹಾಕ್ಕಾಗಲಿ ಗಾಡಿ ನಿಲ್ಲಿಸಬಾರದು. ಹೊಸ ಹಿಮ ಬಿದ್ದ ಮರುದಿನದ ಬಿಸಿಲಲ್ಲಂತೂ ಖಂಡಿತ ಬೇಡ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಸಿಲುಕಿ, ಆರು ದಿನ ಹಿಮದಡಿ ಬದುಕಿದ್ದು, ಫೆಬ್ರುವರಿ 11ರಂದು ದಿಲ್ಲಿಯಲ್ಲಿ ಪ್ರಾಣಬಿಟ್ಟ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನವರು. ಹಿಮ ಏನು ಮಾಡಬಲ್ಲದು ಎಂಬುದು ಈ ಸೀಮೆಯ ಮನೆಗಳಿಗೆ ತಿಳಿಯದ ವಿಷಯವಲ್ಲ. ಬೆಳಗಾವಿ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಮಾಜಿ ಸೈನಿಕರಿದ್ದಾರೆ. ಅವರಲ್ಲಿ ಲಡಾಖಿನಲ್ಲಿ ಸೇನೆಯ ಟ್ರಕ್ಕು ಓಡಿಸಿದವರು ನಿಮ್ಮ ಓಣಿಯಲ್ಲೇ ಇರಬಹುದು. ಯಾವ ವಿಡಿಯೊ ನೋಡುವುದಕ್ಕಿಂತ ಮುಂಚೆ ಅವರ ಮುಂದೆ ಒಂದು ಸಂಜೆ ಕೂತು ಕೇಳಿ.

ಸಿಕ್ಕಿಬಿದ್ದಾಗ

ಎರಿ ಹೊಲದಲ್ಲಿ ಗಾಡಿ ಹುಗಿದರೆ ಗಾಲಿ ಕೆಳಗೆ ಕಣಕಿ, ಕಬ್ಬಿನ ರವದಿ, ಹೆಂಟೆ ಕಲ್ಲು ತುರುಕುತ್ತೇವೆ, ಆಗದಿದ್ದರೆ ಪಕ್ಕದ ಹೊಲದ ಟ್ರ್ಯಾಕ್ಟರ್ ಕರೆಯುತ್ತೇವೆ. ಹಿಮದಲ್ಲಿ ಆ ಕೆಲಸ ಮರಳು, ಗೋಣಿಚೀಲ, ರಬ್ಬರ್ ಮ್ಯಾಟುಗಳದು. ಅದಕ್ಕೂ ಮೊದಲು ಇಳಿದು ಗಾಡಿಯ ಹೊಟ್ಟೆಯ ಕೆಳಗೆ ನೋಡಿ. ಬಹಳ ಸಲ ಗಾಲಿಗಿಂತ ಆ್ಯಕ್ಸಲ್ ಮತ್ತು ಚಾಸಿ ಹಿಮದ ದಿಬ್ಬದ ಮೇಲೆ ಕೂತಿರುತ್ತವೆ. ಆ ಹಿಮ ತೋಡದೆ ಎಷ್ಟು ಗಾಲಿ ತಿರುಗಿಸಿದರೂ ವ್ಯರ್ಥ. ಸಣ್ಣ ಹಿಡಿಯ ಸಲಿಕೆ ಒಂದು ಇದ್ದರೆ ವಿಂಚಿಗಿಂತ ಹೆಚ್ಚು ಉಪಕಾರ. ಹೊಟ್ಟೆ ಬಿಡಿಸಿ, ನಾಲ್ಕೂ ಗಾಲಿಯ ಹಿಂದೆ ಗಾಡಿಯುದ್ದ ಜಾಡು ಮಾಡಿ, ಹವಾ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಲು ನೋಡಿ.

ಬೇರೆ ಗಾಡಿಯಿಂದ ಎಳೆಸುವಾಗ ಟ್ರ್ಯಾಕ್ಟರಿನ ಕಬ್ಬಿಣದ ಸರಪಳಿ ಬಳಸಬೇಡಿ. ಥಂಡಿಯಲ್ಲಿ ಕಬ್ಬಿಣ ಪೆಡಸಾಗುತ್ತದೆ, ಜಗ್ಗಿದಾಗ ತುಂಡಾಗಿ ಸಿಡಿದರೆ ಗಾಜು ಸೀಳಿ ಒಳಗಿದ್ದವರನ್ನು ಕೊಲ್ಲಬಲ್ಲದು. ಹಿಗ್ಗುವ ನೈಲಾನ್ ಹಗ್ಗವನ್ನು ಚಾಸಿಯ ಕೊಂಡಿಗೇ ಸಿಕ್ಕಿಸಿ, ನಡುವೆ ಒಂದು ದಪ್ಪ ಕಂಬಳಿ ಹೊದಿಸಿ, ನೋಡುವವರನ್ನು ಹಗ್ಗದ ಉದ್ದದ ಎರಡು ಪಟ್ಟು ದೂರ ನಿಲ್ಲಿಸಿ. ಟ್ರೇಲರ್ ಕಟ್ಟುವ ಗುಂಡಿಗೆ ಹಗ್ಗ ಹಾಕಲೇಬೇಡಿ.

ದಾರಿ ಮುಚ್ಚಿ ರಾತ್ರಿ ಗಾಡಿಯಲ್ಲೇ ಕಳೆಯಬೇಕಾದರೆ, ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ ಮಲಗಬಾರದು. ಸುರಿಯುವ ಹಿಮ ಸೈಲೆನ್ಸರ್ ಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ವಾಸನೆಯಿಲ್ಲ, ಉಸಿರು ಕಟ್ಟಿದ್ದೂ ಗೊತ್ತಾಗುವುದಿಲ್ಲ. ಇಳಿದು ಸೈಲೆನ್ಸರ್ ಸುತ್ತಲಿನ ಹಿಮ ಬಳಿದು, ತಾಸಿಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬೀಸದ ಬದಿಯ ಗಾಜು ಬೆರಳಗಲ ತೆರೆದಿಡಿ. ಒಬ್ಬರು ಎಚ್ಚರವಿರಬೇಕು. ಒಳಗೆ ಒಲೆ, ಇದ್ದಿಲು ಹಚ್ಚಬೇಡಿ. ಮನೆಯಿಂದ ಕಟ್ಟಿ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಇಂಥ ರಾತ್ರಿಗೆ ಸರಿಯಾದ ಬುತ್ತಿ: ಹೆಪ್ಪುಗಟ್ಟುವುದಿಲ್ಲ, ಬೇಯಿಸಬೇಕಿಲ್ಲ. ನೀರಿನ ಬಾಟಲಿ ಮಾತ್ರ ಹಾಸಿಗೆಯೊಳಗೆ ಇಟ್ಟುಕೊಳ್ಳಿ. ಸಹಾಯ ಹುಡುಕುತ್ತ ಕತ್ತಲಲ್ಲಿ ನಡೆದು ಹೋಗಬೇಡಿ. ಹಿಮ ತೆಗೆಯುವ ಬಿಆರ್‌ಒ ಯಂತ್ರಗಳು ರಸ್ತೆ ಹಿಡಿದೇ ಬರುತ್ತವೆ, ಮನುಷ್ಯನಿಗಿಂತ ಗಾಡಿ ಅವರ ಕಣ್ಣಿಗೆ ಬೇಗ ಬೀಳುತ್ತದೆ. ಮೇಲಿನ ಕ್ಯಾರಿಯರಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಒಳಗೇ ಕಾಯಿರಿ.